ಮ್ಯಾಟಿ ತವರಿಗೆ ಬರೆದ ಕಾಗದಗಳು

ನಮ್ಮ ಕಡೆ 'ಕಾಗದ' ಅಂದರೆ ಎರಡು ಅರ್ಥ. ಒಂದು, ಹೊಲದ ಕಾಗದ. ಪಹಣಿ, ಖಾತೆ, ಸಾಗುವಳಿ ಚೀಟಿ ಎಲ್ಲ ಅದರಲ್ಲೇ ಬಂತು. ಇನ್ನೊಂದು, ಊರಿಂದ ಊರಿಗೆ ಬರೆದುಕೊಳ್ಳುತ್ತಿದ್ದ ಕಾಗದ. ಮಗಳು ಗಂಡನ ಮನೆಯಿಂದ ತವರಿಗೆ ಬರೆದದ್ದು, ದುಡಿಯಲು ಹೋದ ಮಗ ಅಪ್ಪನಿಗೆ ಬರೆದದ್ದು. ಜಮೀನಿನ ವ್ಯಾಜ್ಯದ ಸುದ್ದಿ ಮಾಡಲು ನಾವು ಮನೆಮನೆಗೆ ಹೋದಾಗ ಮೊದಲನೇ ಕಾಗದವನ್ನು ಪ್ಲಾಸ್ಟಿಕ್ ಕವರಿನಿಂದ, ಬೀರುವಿನ ಒಳಗಿಂದ ಹುಷಾರಾಗಿ ತೆಗೆದು ತೋರಿಸುತ್ತಾರೆ. ಎರಡನೇ ಕಾಗದ ಕೇಳಿದರೆ ಅಟ್ಟದ ಕಡೆ ಕೈ ತೋರಿಸುತ್ತಾರೆ. ಗೆದ್ದಲು ತಿಂದಿರುತ್ತೆ, ಇಲ್ಲವೇ ನೀರೊಲೆಗೆ ಹೋಗಿರುತ್ತೆ.

ಈ ಸಲ ನಾವು ಹೇಳಹೊರಟಿರುವುದು ಎರಡನೇ ಬಗೆಯ ಕಾಗದ ಉಳಿದುಬಂದ ಒಂದು ಸಂಸಾರದ ಕತೆ. ಸಂಸಾರ ನಮ್ಮ ದೇಶದ್ದಲ್ಲ, ಅಮೆರಿಕದ್ದು. ದೊಡ್ಡ ಮನೆತನವೂ ಅಲ್ಲ. ರಾಜಕಾರಣಿ ಇಲ್ಲ, ಸೇನಾಪತಿ ಇಲ್ಲ, ಸಾಹುಕಾರ ಇಲ್ಲ. ಸ್ವಂತ ಹೊಲ ಬೇಕು ಅಂತ ಊರು ಬಿಟ್ಟು ಹೋದ ಒಬ್ಬ ರೈತ, ಅವನ ಹೆಂಡತಿ, ಮಕ್ಕಳು. ಅವರು ಬರೆದ 300ಕ್ಕೂ ಹೆಚ್ಚು ಕಾಗದಗಳು ಇವತ್ತು ನೆಬ್ರಸ್ಕಾ ರಾಜ್ಯದ ಲಿಂಕನ್ ನಗರದಲ್ಲಿರುವ ರಾಜ್ಯ ಇತಿಹಾಸ ಸಂಘದ ದಫ್ತರಖಾನೆಯಲ್ಲಿವೆ. ಮೊದಲನೆಯದು 1862ರದ್ದು, ಕೊನೆಯದು 1911ರದ್ದು.

ರೈತನ ಹೆಸರು ಯುರೈಯಾ ಓಬ್ಲಿಂಗರ್. ಹೆಂಡತಿ ಮ್ಯಾಟಿ. ಇಬ್ಬರೂ ಇಂಡಿಯಾನಾ ರಾಜ್ಯದವರು. ಯುರೈಯಾ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯದಲ್ಲಿದ್ದವನು. ಯುದ್ಧ ಮುಗಿಸಿ ಬಂದ, ಮದುವೆಯಾದ, ಹೆಣ್ಣುಮಗು ಹುಟ್ಟಿತು. ಆದರೆ ಸ್ವಂತ ಭೂಮಿ ಅಂತ ಇರಲಿಲ್ಲ. ಇಂಡಿಯಾನಾದಲ್ಲಿ ಅಷ್ಟು ಹೊತ್ತಿಗೆ ಒಳ್ಳೆಯ ಹೊಲಗಳೆಲ್ಲ ಯಾರದೋ ಕೈಸೇರಿ, ಬೆಲೆ ಏರಿ ಕೂತಿತ್ತು. ಬೇರೆಯವರ ಹೊಲದಲ್ಲಿ ದುಡಿದು ಎಷ್ಟು ದಿನ ಅಂತ ಇರುವುದು?

ಆಗ ಅವರ ಮುಂದೆ ಇದ್ದದ್ದು ಒಂದು ಕಾಯ್ದೆ. ಅಧ್ಯಕ್ಷ ಲಿಂಕನ್ 1862ರ ಮೇ 20ರಂದು ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆ. ಇದರ ಪ್ರಕಾರ ಮನೆಯ ಯಜಮಾನನಾಗಿರುವ ಅಥವಾ 21 ವರ್ಷ ತುಂಬಿದ ಯಾರು ಬೇಕಾದರೂ 160 ಎಕರೆ ಸರ್ಕಾರಿ ಭೂಮಿಗೆ ಅರ್ಜಿ ಹಾಕಬಹುದು. ಎಲ್ಲ ಶುಲ್ಕ ಸೇರಿ ಸುಮಾರು 18 ಡಾಲರ್. 5 ವರ್ಷ ಅಲ್ಲೇ ಮನೆ ಕಟ್ಟಿಕೊಂಡು ಉಳುಮೆ ಮಾಡಿ ತೋರಿಸಿದರೆ ಪಟ್ಟಾ ಕೈಗೆ. 1872ರಲ್ಲಿ ಇನ್ನೊಂದು ಸವಲತ್ತು ಬಂತು. ಯುರೈಯಾನಂಥ ಮಾಜಿ ಸೈನಿಕರು ಯುದ್ಧದಲ್ಲಿ ಕಳೆದ ವರ್ಷಗಳನ್ನು ಆ 5 ವರ್ಷಗಳಲ್ಲಿ ಕಳೆದುಕೊಳ್ಳಬಹುದು.

ಬಗರ್ ಹುಕುಂ ಅರ್ಜಿ ಹಾಕಿ ವರ್ಷಗಟ್ಟಲೆ ಕಚೇರಿ ಸುತ್ತಿದವರಿಗೆ ಇದನ್ನು ಓದಿದರೆ ಹೊಟ್ಟೆ ಉರಿಯಬಹುದು. ತಾಳಿ, ಪೂರ್ತಿ ಕೇಳಿ.

ಗಂಡುಮಕ್ಕಳಿಗಷ್ಟೇ ಅಲ್ಲ, ಮದುವೆಯಾಗದ ಹೆಣ್ಣುಮಕ್ಕಳಿಗೆ, ವಿಧವೆಯರಿಗೆ ಕೂಡ ಈ ಕಾಯ್ದೆಯಲ್ಲಿ ಭೂಮಿ ಸಿಗುತ್ತಿತ್ತು. ಆ ಕಾಲಕ್ಕೆ ದೊಡ್ಡ ಮಾತೇ. ಆದರೆ ಗಂಡನ ಜೊತೆ ಬಾಳುತ್ತಿರುವ ಹೆಂಡತಿ ತನ್ನ ಹೆಸರಲ್ಲಿ ಅರ್ಜಿ ಹಾಕುವಂತಿರಲಿಲ್ಲ. ಅಂದರೆ ಮ್ಯಾಟಿ ಎಷ್ಟೇ ದುಡಿದರೂ ಹೊಲದ ಕಾಗದದಲ್ಲಿ ಬರುವುದು ಯುರೈಯಾನ ಹೆಸರು. ಅವಳ ಹೆಸರು ಇರುವುದು ಎರಡನೇ ಬಗೆಯ ಕಾಗದದಲ್ಲಿ. ಈ ಕಾಗದಗಳ ಕಟ್ಟು ಉಳಿಯದೇ ಹೋಗಿದ್ದರೆ ಮ್ಯಾಟಿ ಅನ್ನುವವಳು ಆ ಹೊಲದಲ್ಲಿ ಬದುಕಿದ್ದಳು ಅಂತ ನಮಗೆ ಗೊತ್ತಾಗುವುದಕ್ಕೆ ದಾರಿಯೇ ಇರುತ್ತಿರಲಿಲ್ಲ.

1872ರ ಕೊನೆಯ ಭಾಗದಲ್ಲಿ ಯುರೈಯಾ ಮ್ಯಾಟಿಯ ಅಣ್ಣತಮ್ಮಂದಿರ ಜೊತೆ ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ. ನೆಬ್ರಸ್ಕಾದ ಫಿಲ್ಮೋರ್ ಜಿಲ್ಲೆಯಲ್ಲಿ ಭೂಮಿ ಗುರುತು ಮಾಡಿದ. ಹೆಂಡತಿ, ಮಗಳು ಎಲಾ ಇಂಡಿಯಾನಾದಲ್ಲೇ ಉಳಿದರು. ಕಾಗದಗಳ ದೊಡ್ಡ ಹರಿವು ಶುರುವಾಗುವುದು ಇಲ್ಲಿಂದ. ಒಬ್ಬನೇ ಕೂತು ಚಳಿಗಾಲವಿಡೀ ಬರೆದ. ಭೂಮಿ ಹೇಗಿದೆ, ನೆರೆಯವರು ಯಾರು, ಪ್ರಾರ್ಥನೆಗೆ ಎಲ್ಲಿ ಸೇರುತ್ತಾರೆ, ಕೈಯಲ್ಲಿ ಎಷ್ಟು ಕಾಸು ಉಳಿದಿದೆ, ನೀವಿಬ್ಬರೂ ಇಲ್ಲದೆ ಎಷ್ಟು ಬೇಸರ ಅಂತ.

ಇಲ್ಲೊಂದು ಮಾತು ಹೇಳಿಬಿಡಬೇಕು. ಸಂಸಾರ ಒಂದೇ ಸೂರಿನಡಿ ಇದ್ದಾಗ ಯಾರೂ ಯಾರಿಗೂ ಕಾಗದ ಬರೆಯುವುದಿಲ್ಲ. ಹಾಗಾಗಿ ದಫ್ತರಖಾನೆಯಲ್ಲಿ ಉಳಿಯುವುದು ಅಗಲಿಕೆಯ ಕಾಲ ಮಾತ್ರ. ಗಂಡ ಹೆಂಡತಿ ಒಟ್ಟಿಗೆ ಊಟ ಮಾಡಿದ ದಿನಗಳು, ಜಗಳ ಆಡಿದ್ದು, ನಕ್ಕಿದ್ದು ಅವರಿಬ್ಬರ ನಡುವಿನ ಕಾಗದದಲ್ಲಿ ಇರುವುದಿಲ್ಲ. ಓಬ್ಲಿಂಗರ್ ಕಟ್ಟನ್ನು ಓದುವಾಗ ಇವರು ಯಾವಾಗಲೂ ದುಃಖದಲ್ಲೇ ಇದ್ದರೇನೋ ಅನ್ನಿಸುತ್ತದೆ. ಇರಲಿಲ್ಲ ಅಂತ ನಮ್ಮ ಊಹೆ. ಸುಖವಾಗಿದ್ದ ದಿನಗಳಿಗೆ ಅಂಚೆ ಚೀಟಿ ಹಚ್ಚುವ ಕೆಲಸ ಇರಲಿಲ್ಲ, ಅಷ್ಟೆ.

1873ರ ಏಪ್ರಿಲ್ 13 ಈಸ್ಟರ್ ಭಾನುವಾರ. ಅಲ್ಲಿಯ ಲೆಕ್ಕದಲ್ಲಿ ವಸಂತ ಕಾಲ. ಚಳಿ ಮುಗಿಯಿತು ಅಂತ ಜನ ಉಳುಮೆ ಶುರು ಮಾಡಿದ್ದರು. ಅವತ್ತು ನೆಬ್ರಸ್ಕಾದ ಮೇಲೆ ಹಿಮದ ಬಿರುಗಾಳಿ ಬಂತು, 3 ದಿನ ಬಿಡಲಿಲ್ಲ. ಎದುರಿಗಿರುವ ಕೈ ಕಾಣದಂಥ ಹಿಮ. ದನ, ಕುದುರೆಗಳು ನಿಂತಲ್ಲೇ ಸತ್ತವು. ಕೆಲವರು ಜಾನುವಾರುಗಳನ್ನು ತಾವು ಮಲಗುವ ಕೋಣೆಗೇ ಎಳೆದುಕೊಂಡು ಬಾಗಿಲು ಹಾಕಿಕೊಂಡು ಉಳಿಸಿಕೊಂಡರು. ಈ ಬಿರುಗಾಳಿಯ ವಿವರ ಯುರೈಯಾನ ಕಾಗದದಲ್ಲೂ ಇದೆ. ಮರುತಿಂಗಳೇ ಅದೇ ಜಾಗಕ್ಕೆ ಬರಬೇಕಾಗಿದ್ದ ಹೆಂಡತಿಗೆ ಇದನ್ನು ಬರೆಯುವಾಗ ಅವನ ಮನಸ್ಸಿನಲ್ಲಿ ಏನಿತ್ತೋ.

ಮ್ಯಾಟಿ ಬಂದಳು. ಮೇ ತಿಂಗಳಲ್ಲಿ ಮಗಳನ್ನು ಕರೆದುಕೊಂಡು ಬಂದಳು. ಜೂನ್ 16ರಂದು ತವರಿಗೆ ಬರೆದ ಕಾಗದ ಈ ಕಟ್ಟಿನಲ್ಲಿ ಎಲ್ಲರೂ ಮೊದಲು ಓದುವ ಕಾಗದ. ನಮ್ಮದೇ ಮನೆಗೆ ಬಂದುಬಿಟ್ಟೆವು, ಅದೂ ಹುಲ್ಲುಹೆಂಟೆಯ ಮನೆ ಅಂತ ಖುಷಿಯಿಂದ ಶುರು ಮಾಡುತ್ತಾಳೆ. ಹಲಗೆ ಮನೆಯಷ್ಟು ಅನುಕೂಲ ಇಲ್ಲ, ಆದರೆ ತಾನು ಹಿಂದೆ ಬಾಳಿದ ಮರದ ಗುಡಿಸಲುಗಳಿಗಿಂತ ಕಡಿಮೆಯೇನಲ್ಲ ಅನ್ನುವ ಅರ್ಥದಲ್ಲಿ ಬರೆಯುತ್ತಾಳೆ. ಇದನ್ನು ಒಬ್ಬರಿಗಲ್ಲ, ತವರಿನ ಹಲವರಿಗೆ ಸೇರಿಸಿ ಒಂದೇ ಕಾಗದದಲ್ಲಿ ಬರೆದಿದ್ದಾಳೆ. ಆಗ ಒಂದು ಕಾಗದಕ್ಕೆ ಅಂಚೆ 3 ಸೆಂಟ್. ಕಾಸಿಲ್ಲದ ಮನೆಯಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ.

ಹುಲ್ಲುಹೆಂಟೆ ಮನೆ ಅಂದರೆ ಏನು ಅಂತ ಹೇಳಬೇಕು, ಯಾಕೆಂದರೆ ನಮ್ಮ ಮಣ್ಣಿನ ಮನೆಗೂ ಅದಕ್ಕೂ ಹೋಲಿಕೆಯೂ ಇದೆ, ವ್ಯತ್ಯಾಸವೂ ಇದೆ. ನೆಬ್ರಸ್ಕಾದ ಬಯಲಿನಲ್ಲಿ ಮರ ಇಲ್ಲ, ಇದ್ದರೂ ಹೊಳೆದಂಡೆಯಲ್ಲಿ ನಾಲ್ಕು. ಆದರೆ ನೆಲದ ಹುಲ್ಲಿನ ಬೇರು ಆಳಕ್ಕಿಳಿದು, ಒಂದಕ್ಕೊಂದು ಹೆಣೆದುಕೊಂಡು ಕಂಬಳಿಯ ಹಾಗೆ ಗಟ್ಟಿ. ಅದಕ್ಕೆಂದೇ ಮಾಡಿದ ನೇಗಿಲಿನಿಂದ ನೆಲವನ್ನು ಒಂದಡಿ ಅಗಲದ ಪಟ್ಟಿಯಾಗಿ ಸೀಳಿ, ಗುದ್ದಲಿಯಿಂದ ಎರಡು ಮೂರು ಅಡಿಗೊಂದರಂತೆ ತುಂಡು ಮಾಡುತ್ತಾರೆ. ದಪ್ಪ ಸುಮಾರು 4 ಇಂಚು. ಹುಲ್ಲಿನ ಮುಖ ಕೆಳಗೆ ಮಾಡಿ ಇಟ್ಟಿಗೆಯ ಹಾಗೆ ಜೋಡಿಸುತ್ತಾ ಹೋಗುವುದು. ನಾವು ಮಣ್ಣು ಕಲೆಸಿ, ತುಳಿದು, ಕೊಳೆಹಾಕಿ ಗೋಡೆ ಎಬ್ಬಿಸುತ್ತೇವೆ. ಅವರು ನೆಲವನ್ನೇ ಕತ್ತರಿಸಿ ಎತ್ತಿ ಇಡುತ್ತಿದ್ದರು. ಚಿಕ್ಕದೊಂದು ಮನೆಗೆ ಅರ್ಧ ಎಕರೆಯಷ್ಟು ನೆಲದ ಮೇಲ್ಪದರ ಬೇಕಾಗುತ್ತಿತ್ತು. ಜನ ತಮಾಷೆಗೆ ಅದನ್ನು ನೆಬ್ರಸ್ಕಾದ ಅಮೃತಶಿಲೆ ಅನ್ನುತ್ತಿದ್ದರು.

ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ಅದು ನಮಗೂ ಗೊತ್ತಿರುವ ಸುಖ. ಮಳೆ ಬಂದರೆ ಮಾತ್ರ ಕಷ್ಟ. ಮಾಳಿಗೆಯ ಮೇಲೂ ಅದೇ ಹುಲ್ಲುಹೆಂಟೆ. ಹೊರಗೆ ಮಳೆ ನಿಂತ ಮೇಲೂ ಒಳಗೆ ಕೆಸರು ನೀರು ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಗೋಡೆಯಿಂದ ಇಲಿ, ಹಾವು ಇಣುಕುತ್ತಿದ್ದವು. ಮಣ್ಣು ಅನ್ನದ ತಟ್ಟೆಗೆ ಉದುರದಿರಲಿ ಅಂತ ಸೂರಿಗೆ ಬಟ್ಟೆ ಕಟ್ಟುತ್ತಿದ್ದರು. ಸೌದೆ ಇಲ್ಲದ್ದಕ್ಕೆ ಕಾಡುಕೋಣದ ಒಣಗಿದ ಸಗಣಿ, ಜೋಳದ ದಂಡು, ಹುರಿ ಮಾಡಿದ ಹುಲ್ಲು ಒಲೆಗೆ. ಬೆರಣಿ ತಟ್ಟಿದವರಿಗೆ ಇದು ಹೊಸದಲ್ಲ. ಆದರೆ ಅದೇ ಅಲ್ಲಿಗೆ ಬಂದ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಮೊದಮೊದಲು ಕೈಯಲ್ಲಿ ಮುಟ್ಟಲೂ ಹೇಸಿದರು ಅಂತ ಆ ಕಾಲದ ನೆನಪುಗಳಲ್ಲಿ ಬರುತ್ತದೆ.

ಅದೇ ರಾಜ್ಯದ ಕಸ್ಟರ್ ಜಿಲ್ಲೆಯಲ್ಲಿ ಸಾಲೊಮನ್ ಬುಚರ್ ಅನ್ನುವ ಛಾಯಾಗ್ರಾಹಕ 1886ರಿಂದ ಇಂಥ ಮನೆಗಳ ಮುಂದೆ ಸಂಸಾರಗಳನ್ನು ನಿಲ್ಲಿಸಿ ಚಿತ್ರ ತೆಗೆದ. ಅವನ ಸುಮಾರು 3,000 ಗಾಜಿನ ಫಲಕಗಳು ಓಬ್ಲಿಂಗರ್ ಕಾಗದಗಳು ಇರುವ ದಫ್ತರಖಾನೆಯಲ್ಲೇ ಇವೆ. 1899ರಲ್ಲಿ ಅವನ ಮನೆ ಸುಟ್ಟು ಹೋಯಿತು, ಫಲಕಗಳು ಬೇರೆ ಕಡೆ ಇದ್ದದ್ದಕ್ಕೆ ಉಳಿದವು. ಅದರಲ್ಲೊಂದು ಚಿತ್ರ ನಮಗೆ ತುಂಬಾ ಇಷ್ಟ. ಬಯಲಿನ ನಡುವೆ ಅಂಗಳದಲ್ಲಿ ಒಂದು ಆರ್ಗನ್ ವಾದ್ಯ, ಸುತ್ತ ಅಪ್ಪ ಅಮ್ಮ ಮಕ್ಕಳು. ಪೂರ್ವದ ಬಂಧುಗಳಿಗೆ ಕಳಿಸಲು ಆ ಮನೆಯಾಕೆಗೆ ಫೋಟೋ ಬೇಕಿತ್ತು. ಆದರೆ ತಾವು ಮಣ್ಣಿನ ಮನೆಯಲ್ಲಿದ್ದೇವೆ ಅಂತ ಅವರಿಗೆ ಕಾಣಬಾರದು. ಹಾಗಾಗಿ ಅಷ್ಟು ಭಾರದ ವಾದ್ಯವನ್ನು ಹೊರಗೆ ಎಳೆಸಿ, ಮನೆ ಚಿತ್ರದಲ್ಲಿ ಬಾರದ ಹಾಗೆ ನಿಂತರು. ಮ್ಯಾಟಿಗೆ ಈ ನಾಚಿಕೆ ಇರಲಿಲ್ಲ. ಹುಲ್ಲುಹೆಂಟೆ ಮನೆ ಅಂತ ಮೊದಲ ಸಾಲಿನಲ್ಲೇ ಹೇಳಿಬಿಟ್ಟಳು. ಆ ಕಾರಣಕ್ಕೇ ಅವಳ ಮಾತನ್ನು ನಂಬಬಹುದು ಅನ್ನಿಸುತ್ತದೆ.

ಮುಂದಿನ ವರ್ಷ, 1874ರ ಬೇಸಿಗೆಯಲ್ಲಿ, ಮಿಡತೆ ಬಂದವು. ರಾಕಿ ಪರ್ವತದ ಕಡೆಯಿಂದ ಮೋಡದ ಹಾಗೆ ಇಳಿದವು, ಬಿಸಿಲು ಮಬ್ಬಾಯಿತು. ಜೋಳ ತಿಂದವು, ತರಕಾರಿ ತಿಂದವು, ನೆಲದೊಳಗಿನ ಈರುಳ್ಳಿಯನ್ನೂ ಬಿಡಲಿಲ್ಲ. ಒಣಹಾಕಿದ ಬಟ್ಟೆ ಕಡಿದವು. ಬೆವರಿನ ಉಪ್ಪು ಹತ್ತಿದ ಗುದ್ದಲಿ ಕಾವುಗಳನ್ನೂ ಕೆರೆದವು. ಹಳಿಯ ಮೇಲೆ ಮಿಡತೆ ಜಜ್ಜಿ ರೈಲಿನ ಗಾಲಿ ಜಾರಿದ್ದೂ ದಾಖಲಾಗಿದೆ. ಮಿಡತೆಯ ಕಾಟ, ದುಡ್ಡಿನ ಮುಗ್ಗಟ್ಟು ಎರಡೂ ಓಬ್ಲಿಂಗರ್ ಕಾಗದಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಹಿಂದಿನ ವರ್ಷವೇ ದೇಶದಲ್ಲಿ ಬ್ಯಾಂಕುಗಳು ಮುಳುಗಿ ವ್ಯಾಪಾರ ಕುಸಿದಿತ್ತು. ಬೆಳೆ ಬಂದರೆ ಬೆಲೆ ಇಲ್ಲ, ಬೆಲೆ ಇದ್ದರೆ ಬೆಳೆ ಇಲ್ಲ. ಇದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ಚಳಿಗಾಲ ಸೈನ್ಯದ ಹಳೇ ಕೋಟು, ಬೂಟುಗಳನ್ನು ಹಂಚಿದರು. ಮಿಡತೆಯಿಂದ ಬೆಳೆ ಕಳೆದುಕೊಂಡವರು ಸ್ವಲ್ಪ ಕಾಲ ಭೂಮಿ ಬಿಟ್ಟು ದುಡಿಯಲು ಹೋದರೂ ಹಕ್ಕು ಹೋಗದ ಹಾಗೆ ಸಂಸತ್ತು ಕಾನೂನು ಮಾಡಿತು. (ಅಂದಹಾಗೆ ಆ ಜಾತಿಯ ಮಿಡತೆ ಈಗ ಲೋಕದಲ್ಲೇ ಇಲ್ಲ. ಜೀವಂತ ಕಂಡದ್ದು 1902ರಲ್ಲಿ ಕೊನೆ. ಅದು ಮೊಟ್ಟೆ ಇಡುತ್ತಿದ್ದ ಹೊಳೆದಂಡೆಯ ನೆಲವನ್ನು ರೈತರು ಉತ್ತದ್ದೇ ಕಾರಣ ಅನ್ನುವ ವಾದ ಇದೆ. ಬಗ್ಗಿಸಲಾಗದ ಶತ್ರುವನ್ನು ಗೊತ್ತಿಲ್ಲದೆಯೇ ನೇಗಿಲು ಮುಗಿಸಿತು.)

ಇಷ್ಟರ ನಡುವೆಯೂ ಮ್ಯಾಟಿಯ ಕಾಗದಗಳು ಅಳುಮುಂಜಿ ಕಾಗದಗಳಲ್ಲ. ನೆರೆಹೊರೆಯ ಸುದ್ದಿ, ಕೋಳಿ, ತರಕಾರಿ ಮಡಿ, ಮಗುವಿನ ಮಾತು. ಬಾಡಿಗೆ ಕಟ್ಟಬೇಕಿಲ್ಲದ ಮನೆ ಅನ್ನುವ ನೆಮ್ಮದಿ ಎದ್ದು ಕಾಣುತ್ತದೆ. ಎಲಾಳ ನಂತರ ಇನ್ನೂ ಇಬ್ಬರು ಹೆಣ್ಣುಮಕ್ಕಳು, ಸ್ಟೆಲಾ ಮತ್ತು ಮ್ಯಾಗಿ.

1880ರ ಫೆಬ್ರವರಿಯಲ್ಲಿ ಮ್ಯಾಟಿ ಹೆರಿಗೆಯಲ್ಲಿ ತೀರಿಕೊಂಡಳು.

ತವರಿಗೆ ಆ ಸುದ್ದಿ ಬರೆಯಬೇಕಾದವನು ಯುರೈಯಾ. 7 ವರ್ಷ ಅವಳ ಕೈಬರಹದಲ್ಲಿ ಹೋಗುತ್ತಿದ್ದ ವಿಳಾಸಕ್ಕೆ ಈ ಸಲ ಅವನ ಕೈಬರಹ. ಮೂವರು ತಾಯಿಯಿಲ್ಲದ ಮಕ್ಕಳು, ಹೊಲ, ಒಲೆ. ಅವನು ಮಕ್ಕಳನ್ನು ಕರೆದುಕೊಂಡು ಬಂಧುಗಳಿದ್ದ ಮಿನೆಸೋಟಾಗೆ ಹೋದ. ಅಲ್ಲಿ ಲಾರಾ ಬೇಕನ್ ಅನ್ನುವವಳನ್ನು ಮದುವೆಯಾದ. ಮತ್ತೆ ಮಕ್ಕಳಾದರು. ನೆಬ್ರಸ್ಕಾಗೆ ಮರಳಿದರು, ಕ್ಯಾನ್ಸಸ್, ಮಿಸೌರಿ ಅಂತ ಸುತ್ತಿದರು, ಮತ್ತೆ ನೆಬ್ರಸ್ಕಾ. ಸ್ವಂತ ಹೊಲಕ್ಕಾಗಿ ಊರು ಬಿಟ್ಟವನು ಕೊನೆಯವರೆಗೂ ಒಂದು ಕಡೆ ನೆಲೆ ನಿಲ್ಲಲಿಲ್ಲ. ನಮ್ಮ ಬಯಲುಸೀಮೆಯಲ್ಲಿ ಗುಳೆ ಅನ್ನುತ್ತೇವಲ್ಲ, ಹತ್ತಿರಹತ್ತಿರ ಹಾಗೆಯೇ. ಅವನು 1901ರಲ್ಲಿ ತೀರಿಕೊಂಡ. ಕಟ್ಟಿನಲ್ಲಿ ಅದಾದ ಮೇಲೂ ಹತ್ತು ವರ್ಷದ ಕಾಗದಗಳಿವೆ.

ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಒಟ್ಟು 16 ಲಕ್ಷ ಪಟ್ಟಾ ಕೊಟ್ಟರು, ಸುಮಾರು 27 ಕೋಟಿ ಎಕರೆ ಹಂಚಿದರು ಅಂತ ಸರ್ಕಾರದ ಲೆಕ್ಕ ಹೇಳುತ್ತದೆ. ಎಷ್ಟು ಹೆಂಡತಿಯರು, ಎಷ್ಟು ಹೆರಿಗೆ, ಎಷ್ಟು ಸಲ ಗಂಟುಮೂಟೆ ಅನ್ನುವುದು ಆ ಲೆಕ್ಕದಲ್ಲಿಲ್ಲ.

ಈ ಕಾಗದಗಳು ಹೇಗೆ ಉಳಿದವು ಅಂತ ಯೋಚಿಸಿ. ಗಂಡ ನೆಬ್ರಸ್ಕಾದಿಂದ ಬರೆದದ್ದನ್ನು ಮ್ಯಾಟಿ ಇಟ್ಟುಕೊಂಡಿರಬೇಕು. ಮ್ಯಾಟಿ ಬರೆದದ್ದನ್ನು ತವರಿನವರು ಇಟ್ಟುಕೊಂಡಿರಬೇಕು. ಸೋರುವ ಮಾಳಿಗೆ, ಬಂಡಿ ಪ್ರಯಾಣ, ನಾಲ್ಕು ರಾಜ್ಯ ದಾಟಿದ ಸಂಸಾರ. ಆದರೂ ಯಾರೋ ಒಬ್ಬರು ಪ್ರತಿ ಸಲ ಗಂಟು ಕಟ್ಟುವಾಗ ಇದನ್ನೂ ಒಳಗೆ ಸೇರಿಸಿದರು. ಮುಂದೆ ಇತಿಹಾಸ ಸಂಘ, ಅಮೆರಿಕದ ಸಂಸತ್ತಿನ ಗ್ರಂಥಾಲಯದ ಜೊತೆ ಸೇರಿ, ಬುಚರನ ಚಿತ್ರಗಳೊಂದಿಗೆ ಇವನ್ನೂ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕಿತು. ನಿಮ್ಮ ಮೊಬೈಲಿನಲ್ಲೇ ದುಡ್ಡಿಲ್ಲದೆ ನೋಡಬಹುದು.

ಇನ್ನೊಂದು ವಿಷಯ ಬಿಟ್ಟರೆ ಈ ಬರಹ ಅರ್ಧವಾಗುತ್ತದೆ. ಸರ್ಕಾರ 18 ಡಾಲರಿಗೆ ಕೊಟ್ಟ ಆ ಭೂಮಿ ಎಲ್ಲಿಂದ ಬಂತು?

ಪ್ಲಾಟ್ ನದಿಯ ದಕ್ಷಿಣದ ಆ ನೆಲ ಪೌನೀ ಜನರದ್ದಾಗಿತ್ತು. ಅವರೂ ಮಣ್ಣಿನ ಮನೆಯವರೇ. ಮರದ ಚೌಕಟ್ಟಿನ ಮೇಲೆ ಹುಲ್ಲು, ಮಣ್ಣು ಹೊದಿಸಿದ ದೊಡ್ಡ ದುಂಡನೆಯ ಮನೆಗಳು, ಒಂದೊಂದರಲ್ಲಿ ಹಲವು ಸಂಸಾರ. ಹೆಂಗಸರು ಜೋಳ, ಹುರುಳಿಯಂಥ ಕಾಳು, ಕುಂಬಳ ಬೆಳೆಯುತ್ತಿದ್ದರು. ಗಂಡಸರು ವರ್ಷಕ್ಕೆರಡು ಸಲ ಕಾಡುಕೋಣದ ಬೇಟೆಗೆ ಹೋಗುತ್ತಿದ್ದರು, ಸಂಸಾರವೂ ಜೊತೆಗೆ. 1833ರ ಒಪ್ಪಂದದಲ್ಲಿ ನದಿಯ ದಕ್ಷಿಣದ ನೆಲ ಹೋಯಿತು. 1857ರ ಒಪ್ಪಂದದಲ್ಲಿ ಉಳಿದದ್ದೂ ಹೋಗಿ, ಲೂಪ್ ನದಿಯ ದಂಡೆಯಲ್ಲಿ ಜಿನೋವಾ ಊರಿನ ಹತ್ತಿರ 30 ಮೈಲಿ ಉದ್ದ, 15 ಮೈಲಿ ಅಗಲದ ಒಂದು ತುಂಡು ಉಳಿಯಿತು. ಒಪ್ಪಂದದ ಕಾಗದಗಳ ಮೇಲೆ ಅವರ ಮುಖ್ಯಸ್ಥರ ಹೆಸರನ್ನು ಬೇರೆಯವರು ಬರೆದಿದ್ದಾರೆ, ಪಕ್ಕದಲ್ಲಿ ಒಂದು ಗುರುತು. ಹೆಬ್ಬೆಟ್ಟು ಒತ್ತಿಸಿಕೊಂಡಂತೆ.

ಮ್ಯಾಟಿ ಹೊಸ ಮನೆಯ ಸಂಭ್ರಮ ಬರೆದದ್ದು 1873ರ ಜೂನ್ 16ಕ್ಕೆ. ಅದೇ ವರ್ಷ ಆಗಸ್ಟ್ 5ರಂದು ಅದೇ ರಾಜ್ಯದ ಇನ್ನೊಂದು ಮೂಲೆಯಲ್ಲಿ, ಬೇಟೆಗೆ ಹೋಗಿದ್ದ ಪೌನೀ ಸಂಸಾರಗಳ ಮೇಲೆ ಅವರ ಹಳೆಯ ವೈರಿಗಳಾದ ಸೂ ಜನ ಬಿದ್ದು ಹೆಂಗಸರು ಮಕ್ಕಳು ಅನ್ನದೆ ಕೊಂದರು. ಸುತ್ತ ಎಲ್ಲರ ನೆಲವೂ ಕಿರಿದಾಗುತ್ತಿದ್ದ, ಬೇಟೆಯ ಕಾಡುಕೋಣ ಮುಗಿಯುತ್ತಿದ್ದ ಕಾಲ ಅದು. ಮುಂದಿನ ಎರಡು ವರ್ಷದಲ್ಲಿ ಪೌನೀ ಜನ ನೆಬ್ರಸ್ಕಾವನ್ನೇ ಬಿಟ್ಟು ಈಗಿನ ಒಕ್ಲಹೋಮಾಗೆ ಹೊರಟುಹೋದರು. ಅವರ ಹೆಂಗಸರು ಆ ದಾರಿಯಲ್ಲಿ ಏನು ಅಂದುಕೊಂಡರು ಅನ್ನುವುದಕ್ಕೆ ಮ್ಯಾಟಿಯ ಕಾಗದದಂಥ ಕಟ್ಟು ಇಲ್ಲ. ಅವರ ಬಗ್ಗೆ ಬರೆದಿಟ್ಟದ್ದರಲ್ಲಿ ಹೆಚ್ಚಿನದು ಸರ್ಕಾರಿ ಏಜೆಂಟರ ವರದಿ, ಸಂತೆಯ ಲೆಕ್ಕದಂಥ ತಲೆಯೆಣಿಕೆ. ಅವರದೇ ನೆನಪು ಅವರ ಹಾಡು, ಕತೆಗಳಲ್ಲಿ ಉಳಿದು ಬಂತು.

ಓಬ್ಲಿಂಗರ್ ಕಾಗದಗಳನ್ನು ಜೋಪಾನ ಮಾಡಿದ ಅದೇ ಇತಿಹಾಸ ಸಂಘದ ಬಳಿ ಪೌನೀ ಜನರಿಗೆ ಸೇರಿದ್ದೂ ಒಂದು ಸಂಗ್ರಹ ಇತ್ತು. ಅದು ಅವರ ಹಿರಿಯರ ಗೋರಿಗಳಿಂದ ಅಗೆದು ತೆಗೆದ ಮೂಳೆಗಳು, ಜೊತೆಗೆ ಹೂತಿದ್ದ ವಸ್ತುಗಳು. ನಮ್ಮವರನ್ನು ನಮಗೆ ಕೊಡಿ, ಮಣ್ಣು ಮಾಡುತ್ತೇವೆ ಅಂತ 1980ರ ದಶಕದ ಕೊನೆಗೆ ಪೌನೀ ಜನ ಕೇಳಿದರು. ಸಂಘ ಒಪ್ಪಲಿಲ್ಲ. ಜಗಳ ಶಾಸನಸಭೆಗೆ ಹೋಗಿ, 1989ರಲ್ಲಿ ಹಿಂದಿರುಗಿಸಲೇಬೇಕು ಅಂತ ನೆಬ್ರಸ್ಕಾ ಕಾಯ್ದೆ ಮಾಡಿತು. ಮರುವರ್ಷ ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆಯೂ ಬಂತು.

1990ರಲ್ಲಿ ಒಕ್ಲಹೋಮಾದಿಂದ ಬಂದ ಪೌನೀ ಹಿರಿಯರು ನೂರಾರು ಪೂರ್ವಜರ ಮೂಳೆಗಳನ್ನು ಜಿನೋವಾದಲ್ಲಿ ಮತ್ತೆ ಮಣ್ಣು ಮಾಡಿದರು. ಮ್ಯಾಟಿಯ ಹುಲ್ಲುಹೆಂಟೆ ಮನೆ ಇದ್ದ ಫಿಲ್ಮೋರ್ ಜಿಲ್ಲೆಯಿಂದ ಅಲ್ಲಿಗೆ ಉತ್ತರಕ್ಕೆ ಸುಮಾರು ನೂರು ಕಿಲೋಮೀಟರು.